ಚರಟದ ಬಣ್ಣ

ಹೆಗ್ಗದ್ದೆ
೧೮-೧೧-೧೯೫೭

ಮಸೂದಾಳಿಗೆ,

ನನ್ನ ಅಕ್ಷರವನ್ನೂ ಕಾಗುಣಿತವನ್ನೂ ನೋಡಿ ನಗಬೇಡ. ನಾಲ್ಕನೆಯ ಕ್ಲಾಸು ಬಿಟ್ಟ ಮೇಲೆ ಬರೆಯುವ ಕೆಲಸವೇ ಬಿದ್ದಿಲ್ಲ. ಎಲ್ಲಿ ಒತ್ತು ತಪ್ಪಿದೆಯೋ ಅಲ್ಲಿ ನೀನೇ ಸೇರಿಸಿಕೊಂಡು ಓದು. ಆಲೂರಿನ ಶಾಲೆಯಲ್ಲಿ ನನ್ನ ಸ್ಲೇಟು ತಿದ್ದುತ್ತಿದ್ದವಳು ನೀನೇ ತಾನೆ.

ಮದುವೆಯಾದ ಮೇಲೆ ಒಂದು ಸಾಲು ಬರೆಯದವಳು ಈಗ ಕೆಲಸ ಬಿದ್ದಾಗ ಬರೆದಳು ಅಂದುಕೊಳ್ಳುತ್ತೀಯ. ಹೌದು, ಕೆಲಸ ಬಿದ್ದೇ ಬರೆಯುತ್ತಿದ್ದೇನೆ. ನಿಮ್ಮ ಮುನೀರ್ ಸಾಹೇಬರು ಮೊನ್ನೆ ಇಲ್ಲಿನ ಎಸ್ಟೇಟಿಗೆ ಕಾಫಿ ಮೂಟೆ ತುಂಬಲು ಲಾರಿ ತಂದಿದ್ದರು. ಸಕಲೇಶಪುರದಲ್ಲಿ ನಿಮ್ಮ ಮನೆಯ ಮಗ್ಗುಲಲ್ಲೇ ಒಬ್ಬ ಡಾಕ್ಟರು ಇದ್ದಾರೆ ಎಂದು ನಮ್ಮ ಯಜಮಾನರ ಹತ್ತಿರ ಹೇಳುತ್ತಿದ್ದುದು ಕೇಳಿಸಿತು. ಯಜಮಾನರು ಆ ಎಸ್ಟೇಟಿನಲ್ಲೇ ಲೆಕ್ಕ ಬರೆಯುವ ರೈಟರ್. ಅವರು ಹೂಂ ಅಂದರು, ಅಷ್ಟೇ. ನನಗೆ ಮಾತ್ರ ಆ ಮಾತು ತಲೆಯಿಂದ ಹೋಗಲಿಲ್ಲ.

ನಮ್ಮ ಅತ್ತೆ ತಾಯಮ್ಮನವರಿಗೆ ಹೊಟ್ಟೆನೋವು. ಗೌರಿಹಬ್ಬದ ಹೊತ್ತಿಗೆ ಶುರುವಾದದ್ದು. ಎದೆಗೂಡು ಮುಗಿಯುವ ಕಡೆ ಅಂಗೈ ಅಗಲ ಜಾಗ, ಅಲ್ಲಿ ಉರಿ. ಹುಳಿತೇಗು ಬಂದು ಗಂಟಲೆಲ್ಲ ಸುಡುತ್ತದೆ. ಬೆಳಿಗ್ಗೆ ಎದ್ದರೆ ವಾಕರಿಕೆ. ನಾಲ್ಕು ತುತ್ತು ಉಂಡರೆ ಹೊಟ್ಟೆ ಉಬ್ಬಿತು ಎಂದು ತಟ್ಟೆ ತಳ್ಳುತ್ತಾರೆ. ರವಿಕೆಯ ತೋಳು ಜೋಲುತ್ತಿದೆ. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಸೂಜಿ ಚುಚ್ಚೋರ ಹತ್ರ ನಾ ಬರಾಕಿಲ್ಲ. ನನ್ನ ಹೊಟ್ಟೇಲಿ ಏನೈತೆ ಅಂತ ನಂಗೆ ಗೊತ್ತು" ಅನ್ನುತ್ತಾರೆ. ಹಾಗೆ ಅನ್ನುವಾಗ ನನ್ನ ಕಡೆ ನೋಡುವುದಿಲ್ಲ. ನೋಡದಿರುವುದೇ ನನಗೆ ಕಸಿವಿಸಿ.

ರೋಗಿ ಬಾರದೆ ಡಾಕ್ಟರು ಔಷಧಿ ಕೊಡುತ್ತಾರೆಯೇ ಕೇಳಿ ಬರೆ. ಇನ್ನೊಂದು ವಿಷಯವನ್ನೂ ಬರೆಯಬೇಕು ಅಂದುಕೊಂಡೆ, ಕೈ ಬರುತ್ತಿಲ್ಲ.

ಇಂತಿ,
ವಿಶಾಲ

ಸಕಲೇಶಪುರ
೨೭-೧೧-೧೯೫೭

ವಿಶಾಲಮ್ಮನವರಿಗೆ,

ಕಾಗದ ಮುಟ್ಟಿತು. ಅಕ್ಷರ ಅರ್ಥವಾಯಿತು.

ಡಾಕ್ಟರಿಗೆ ಓದಿ ಹೇಳಿದೆ. "ಕಣ್ಣಲ್ಲಿ ಕಾಣದ ಹೊಟ್ಟೆಗೆ ಔಷಧಿ ಕಳಿಸೋಕೆ ನಾನೇನು ಪೋಸ್ಟ್‌ಮ್ಯಾನೇನಮ್ಮ?" ಎಂದು ರೇಗಿದರು. ಆಮೇಲೆ ಕೂತು ಒಂದೊಂದಾಗಿ ಕೇಳಿದರು. ನೋವು ಉಣ್ಣುವ ಮುಂಚೆ ಬರುತ್ತದೆಯೋ ಉಂಡ ಮೇಲೋ, ಉರಿಯೋ ಚುಚ್ಚುವುದೋ, ಬೆನ್ನಿಗೆ ಹೋಗುತ್ತದೆಯೋ. ವಾಂತಿಯಾಗಿದೆಯೇ, ಆಗಿದ್ದರೆ ಏನು ಬಂತು, ಯಾವ ಬಣ್ಣ. ಹೊರಕಡೆಗೆ ಹೋದದ್ದು ಕಪ್ಪಗೆ ಟಾರಿನ ಹಾಗೆ ಇದೆಯೇ. ಹೊಗೆಸೊಪ್ಪು, ಕಾಫಿ, ಖಾರ ಎಷ್ಟು. ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಾರೆಯೇ. ಇಷ್ಟಕ್ಕೂ ಉತ್ತರ ಬೇಕಂತೆ. "ಅರ್ಧ ಕಾಯಿಲೆ ರೋಗಿ ಹೇಳೋ ಮಾತಲ್ಲೇ ಇರುತ್ತೆ" ಅಂದರು.

ಅಮ್ಮಿ ಈಗ ನನ್ನ ಜೊತೆಗೇ ಇದ್ದಾರೆ, ನಿನ್ನನ್ನು ಕೇಳಿದರು. ನಾವು ತಂದ ಕನ್ನಡಿಯ ಡಬ್ಬಿ ನಿನಗೆ ಮುಟ್ಟಿತೇ ಎಂದು ಕೇಳುತ್ತಿದ್ದರು. ನಿನ್ನ ಮದುವೆಯ ದಿನ ನಮಗೆ ಕೊಟ್ಟಿಗೆಯ ಮಗ್ಗುಲಲ್ಲಿ ಎಲೆ ಹಾಕಿದರಲ್ಲ, ಆಗ ಅಮ್ಮಿ ಎದ್ದು ನಡೆದುಬಿಟ್ಟರು. ನೀನು ಮಣೆಯ ಮೇಲಿಂದ ನೋಡಿದೆ, ತಲೆ ತಗ್ಗಿಸಿದೆ. ಮದುಮಗಳು ತಲೆ ತಗ್ಗಿಸಬೇಕಾದದ್ದೇ, ಅದಕ್ಕೆ ನಾನು ಏನೂ ಅನ್ನುವುದಿಲ್ಲ.

ಉತ್ತರವನ್ನು ನಮ್ಮವರ ಲಾರಿಯಲ್ಲೇ ಕಳಿಸಬಹುದು.

ಮಸೂದಾ

ಹೆಗ್ಗದ್ದೆ
೯-೧೨-೧೯೫೭

ಮಸೂದಾ,

ಕನ್ನಡಿ ಡಬ್ಬಿ ನನ್ನ ಟ್ರಂಕಿನಲ್ಲಿದೆ. ದಿನಾ ಹಣೆಗಿಡುವುದು ಅದರಲ್ಲೇ ನೋಡಿಕೊಂಡು.

ಡಾಕ್ಟರು ಕೇಳಿದ್ದನ್ನು ನಾನು ಹೇಗೆ ಕೇಳಲಿ ಹೇಳು! ಸೊಸೆಯಾದವಳು ಅತ್ತೆಯನ್ನು ಹೊರಕಡೆಯ ಬಣ್ಣ ಯಾವುದು ಅಂತ ಕೇಳುವುದೇ? ಎರಡು ದಿನ ಸುಮ್ಮನೆ ಸುತ್ತಿದೆ. ಆಮೇಲೆ ಅವರು ಬಿಸಿಲಿಗೆ ಕೂತಿದ್ದಾಗ ಸುಲಭದ್ದನ್ನೇ ಮೊದಲು ಕೇಳಿದೆ.

"ಅತ್ತೇ, ನೋವು ಉಣ್ಣಾಕ್ ಮುಂಚೆ ಬತ್ತೈತೋ, ಉಂಡ್ ಮೇಲೋ?"

"ಯಾಕೆ? ಯಾವಾಗ ಕೆಲ್ಸ ಮಾಡ್ತೈತೆ ಅಂತ ಲೆಕ್ಕ ಇಟ್ಕಂತೀಯೇನೆ?"

ಮಸೂದಾ, ಹೋದ ಸಲ ಕೈ ಬರಲಿಲ್ಲ ಅಂದದ್ದು ಇದೇ. ನಾನು ಅನ್ನದಲ್ಲಿ ಕೈಮದ್ದು ಹಾಕಿದ್ದೇನೆ ಎಂದು ಅವರ ನಂಬಿಕೆ. ನಿಮ್ಮ ಕಡೆಯೂ ಈ ಮಾತು ಇದೆ, ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಯಾರೋ ಊಟದಲ್ಲಿ ಏನೋ ಬೆರೆಸುತ್ತಾರಂತೆ, ಅದು ಹೊಟ್ಟೆಯ ಗೋಡೆಗೆ ಅಂಟಿಕೊಂಡು ಮನುಷ್ಯನನ್ನು ಒಳಗಿಂದ ತಿನ್ನುತ್ತದಂತೆ. ನಾನು ಬಂದದ್ದು ವೈಶಾಖದಲ್ಲಿ, ನೋವು ಬಂದದ್ದು ಭಾದ್ರಪದದಲ್ಲಿ. ಅಡುಗೆ ಮಾಡುತ್ತಿದ್ದವಳು ನಾನು.

ಈಗ ನಾನು ಮುಟ್ಟಿದ್ದನ್ನು ಅವರು ಉಣ್ಣುವುದಿಲ್ಲ. ಹಿತ್ತಲ ಜಗಲಿಯಲ್ಲಿ ಬೇರೆ ಒಲೆ ಹೂಡಿಕೊಂಡಿದ್ದಾರೆ. ಮೈಯಲ್ಲಿ ಶಕ್ತಿ ಇದ್ದ ದಿನ ಒಂದು ಮುದ್ದೆ ತೊಳಸಿಕೊಂಡು ಹಸಿ ಖಾರಕ್ಕೆ ಅದ್ದಿ ನುಂಗುತ್ತಾರೆ. ಇಲ್ಲದ ದಿನ ಬರೀ ಕರಿ ಕಾಫಿ. ಡಾಕ್ಟರಿಗೆ ಹೇಳು: ಬರಿ ಹೊಟ್ಟೆಯಲ್ಲಿ ಉರಿ ಹೆಚ್ಚು, ಉಂಡ ತಕ್ಷಣ ಭಾರ, ಬೆನ್ನಿಗೆ ಹೋಗುವುದಿಲ್ಲ. ಬೆಳಗಿನ ಜಾವ ಎದ್ದು ಮೊಣಕಾಲು ಎದೆಗೆ ಒತ್ತಿಕೊಂಡು ಕೂರುತ್ತಾರೆ. ಎಲೆಯಡಿಕೆ, ಹೊಗೆಸೊಪ್ಪು ಬಾಯಿಂದ ಬಿಡುವುದಿಲ್ಲ. ಖಾರವಿಲ್ಲದೆ ಉಣ್ಣುವವರಲ್ಲ. ಬೇರೆ ಔಷಧಿ ಯಾವುದೂ ಇಲ್ಲ, ಯಜಮಾನರನ್ನೂ ಕೇಳಿದೆ, ಇಲ್ಲವೇ ಇಲ್ಲ ಅಂದರು. ಇನ್ನೊಂದನ್ನು ಕೇಳಲು ನನ್ನಿಂದಾಗಲಿಲ್ಲ.

ಯಜಮಾನರು ಇದಕ್ಕೆಲ್ಲ ಏನು ಅನ್ನುತ್ತಾರೆ ಅಂತ ನೀನು ಕೇಳಬಹುದು. ಏನೂ ಅನ್ನುವುದಿಲ್ಲ. ಇಬ್ಬರ ಒಲೆಗೂ ಸೌದೆ ಒಡೆದು ಹಾಕುತ್ತಾರೆ.

ಇಂತಿ,
ವಿಶಾಲ

ಸಕಲೇಶಪುರ
೧೬-೧೨-೧೯೫೭

ವಿಶಾಲೂ,

ನಿನ್ನ ಕಾಗದ ಓದಿ ನನಗೆ ಅನ್ನ ಸೇರಲಿಲ್ಲ. ಡಾಕ್ಟರಿಗೆ ಕೈಮದ್ದಿನ ಮಾತು ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ. ಅವರು ನಗಲಿಲ್ಲ. "ಜಠರದ ಒಳಪೊರೆ ಕೆರೆದು ಊದಿಕೊಂಡಿದೆ ಅಂತ ಕಾಣುತ್ತೆ, ಗ್ಯಾಸ್ಟ್ರೈಟಿಸ್ ಇರಬೇಕು. ಸೊಸೆ ಮೇಲಿನ ಅನುಮಾನಕ್ಕೆ ಉಪವಾಸ ಬಿದ್ದು ಆ ಮುದುಕಿ ತನ್ನ ಹೊಟ್ಟೆ ತಾನೇ ಸುಟ್ಟುಕೊಳ್ತಾ ಇದೆ" ಅಂದರು. ಕಾಫಿ, ಖಾರ, ಹೊಗೆಸೊಪ್ಪು ಮೂರೂ ಬಿಡಬೇಕಂತೆ. ಹೊತ್ತು ಹೊತ್ತಿಗೆ ಹಾಲು, ಮೆತ್ತಗಿನ ಗಂಜಿ. ಇದರ ಜೊತೆ ಒಂದು ಬಾಟಲಿ ಬಿಳಿ ಔಷಧಿ ಕಳಿಸಿದ್ದಾರೆ, ಕುಲುಕಿ ಕೊಡಬೇಕು.

ಆದರೂ ಅವರಿಗೆ ಸಮಾಧಾನವಿಲ್ಲ. ಏನೋ ಒಂದು ಬಿಟ್ಟುಹೋಗಿದೆ, ಕರೆದುಕೊಂಡು ಬನ್ನಿ ಅನ್ನುತ್ತಾರೆ.

ಮಸೂದಾ

ಹೆಗ್ಗದ್ದೆ
೨-೧-೧೯೫೮

ಮಸೂದಾ,

ಬಾಟಲಿ ದಾಸವಾಳದ ಬುಡಕ್ಕೆ ಹೋಯಿತು. ಯಜಮಾನರ ಕೈಲೇ ಕೊಡಿಸಿದೆ. "ಯಾರು ತರಿಸಿದ್ದು?" ಎಂದು ಅತ್ತೆ ಕೇಳಿದರು. ಯಜಮಾನರಿಗೆ ಸುಳ್ಳು ಬರುವುದಿಲ್ಲ, ನನ್ನ ಹೆಸರು ಹೇಳಿದರು.

ಈಗ ಬರೆಯುವುದನ್ನು ಕಳಿಸಬೇಕೋ ಬೇಡವೋ ಎಂದು ನಿನ್ನೆಯಿಂದ ಒದ್ದಾಡುತ್ತಿದ್ದೇನೆ. ಬರೆದ ಒಂದು ಹಾಳೆಯನ್ನು ಒಲೆಗೆ ಹಾಕಿದೆ. ಇದು ಎರಡನೆಯದು.

ಮಂಗಳವಾರ ಅತ್ತೆಯನ್ನು ಮಾರನಹಳ್ಳಿಯ ಕಡೆಗೆ ಕರೆದುಕೊಂಡು ಹೋದೆವು. ಅಲ್ಲಿ ಭೂತಮ್ಮ ಅಂತ ಒಬ್ಬಾಕೆ ಮದ್ದು ತೆಗೆಯುತ್ತಾಳೆ. ನಾನೂ ಬರಲೇಬೇಕು ಎಂದು ಅತ್ತೆ ಹಟ ಹಿಡಿದರು. ಬಾರದಿದ್ದರೆ ಅದೇ ಸಾಕ್ಷಿ ಆಗುತ್ತಿತ್ತು. ಭೂತಮ್ಮ ಅವರಿಗೆ ಯಾವುದೋ ಸೊಪ್ಪಿನ ರಸ ಕುಡಿಸಿ, ಬೆನ್ನು ನೀವಿ, ಬಿಳಿ ಬೋಗುಣಿ ಹಿಡಿದಳು. ಮೊದಲು ನೀರು ಬಂತು, ಆಮೇಲೆ ಲೋಳೆ. ನನಗೆ ಜೀವ ಬಂದ ಹಾಗಾಯಿತು, ಏನೂ ಇಲ್ಲ, ಏನೂ ಇಲ್ಲ ಅಂದುಕೊಂಡೆ. ಮೂರನೆಯ ಸಲಕ್ಕೆ ಬಂತು ಮಸೂದಾ. ಕಪ್ಪುಗಂದು ಬಣ್ಣ, ತರಿತರಿಯಾಗಿ, ಬೋಗುಣಿಯ ತಳದಲ್ಲಿ ಕೂತಿತು. ಸರಿಯಾಗಿ ಕಾಫಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಚರಟದ ಹಾಗೆ.

"ನೋಡವ್ವ, ನೋಡು! ಒಣಗಿ ಕರ್‍ರಗೆ ಆಗ್ಬುಟ್ಟೈತೆ. ಹಳೇ ಮದ್ದು ಕಣವ್ವ ಇದು" ಎಂದು ಭೂತಮ್ಮ ಬೋಗುಣಿಯನ್ನು ಎಲ್ಲರ ಮುಖಕ್ಕೂ ಹಿಡಿದಳು.

"ಕಾಫಿ ಇರ್ಬೌದು" ಅಂದರು ಯಜಮಾನರು. ಇಷ್ಟು ತಿಂಗಳಿಗೆ ಅದೊಂದು ಮಾತು ಆಡಿದರು.

"ನೆನ್ನೆ ಬೆಳಿಗ್ಗಿಂದ ಹನಿ ಕಾಫಿ ಕುಡ್ದಿಲ್ಲ ಕಣೋ ನಾನು! ಈ ಭೂತಮ್ಮನೇ ಬ್ಯಾಡ ಅಂದಿದ್ಲು" ಎಂದು ಅತ್ತೆ ಅಳುತ್ತಾ ಹೇಳಿದರು. ಅದು ನಿಜ. ನಾನೇ ನೋಡಿದ್ದೇನೆ, ಅವರ ಒಲೆ ಆರಿತ್ತು. ಆಮೇಲೆ ನನ್ನ ಕಡೆ ತಿರುಗಿದರು. ಗೌರಿಹಬ್ಬದಿಂದ ಅದೇ ಮೊದಲು ಅವರು ನನ್ನ ಮುಖ ನೋಡಿದ್ದು. "ನಾ ನಿಂಗೇನ್ ಮಾಡಿದ್ದೆನೇ?" ಅಂದರು. ಬೈದಿದ್ದರೆ ತಡೆಯುತ್ತಿದ್ದೆ.

ಬೇರು ಇನ್ನೂ ಒಳಗಿದೆಯಂತೆ. ಬರುವ ಮಂಗಳವಾರ ಮತ್ತೆ ಕಕ್ಕಿಸುತ್ತಾಳಂತೆ. ಅದಾದ ಮೇಲೆ ನನ್ನನ್ನು ಆಲೂರಿಗೆ ಬಿಟ್ಟು ಬರುವುದು ಎಂದು ಮಾತಾಗಿದೆ. ಟ್ರಂಕು ಕಟ್ಟಿಡು ಅಂದಿದ್ದಾರೆ.

ನಾನು ಏನೂ ಹಾಕಿಲ್ಲ. ಆದರೆ ಆ ಬೋಗುಣಿಯನ್ನು ನನ್ನ ಕಣ್ಣಿಂದಲೇ ನೋಡಿದೆ. ನಾನು ಹಾಕದಿದ್ದರೆ ಅದು ಎಲ್ಲಿಂದ ಬಂತು? ರಾಗಿ ಹಿಟ್ಟಿನಲ್ಲಿ ಏನಾದರೂ ಇತ್ತೇ, ಕೈ ಸರಿಯಾಗಿ ತೊಳೆಯಲಿಲ್ಲವೇ, ಪಾತ್ರೆಯ ಕಲಾಯಿ ಹೋಗಿತ್ತೇ ಎಂದು ಎಲ್ಲವನ್ನೂ ತಿರುಗಿಸಿ ನೋಡಿದೆ. ನನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡೆ. ಡಾಕ್ಟರು ಬಣ್ಣ ಕೇಳಿದ್ದರಲ್ಲ, ಇದೇ ಬಣ್ಣ. ನನಗೆ ಕೆಟ್ಟದಾದರೂ ಆಗಲಿ, ಓದಿ ಹೇಳು. ನಿನ್ನೆಯಿಂದ ಅವರ ಮುಖ ಸುಣ್ಣದ ಹಾಗಿದೆ, ಎದ್ದು ನಿಂತರೆ ಗೋಡೆ ಹಿಡಿಯುತ್ತಾರೆ.

ವಿಶಾಲ

ಸಕಲೇಶಪುರ
೩-೧-೧೯೫೮

ವಿಶಾಲೂ,

ಇದನ್ನು ನಿನ್ನ ಯಜಮಾನ ಶಾಂತಮಲ್ಲಪ್ಪನವರ ಕೈಗೆ ಕೊಡು. ಅವರೇ ಓದಲಿ.

ಅದು ಮದ್ದಲ್ಲ, ಕಾಫಿಯೂ ಅಲ್ಲ. ರಕ್ತ. ಹೊಟ್ಟೆಯೊಳಗೆ ಒಸರಿದ ರಕ್ತ ಅಲ್ಲಿನ ಹುಳಿಗೆ ಸಿಕ್ಕಿ ಕಪ್ಪಾಗಿ ಚರಟದ ಹಾಗೆ ಬರುತ್ತದಂತೆ. ನಾನು ಆ ಸಾಲು ಓದುತ್ತಿದ್ದಂತೆ ಡಾಕ್ಟರು ಎದ್ದು ನಿಂತುಬಿಟ್ಟರು. "ಇನ್ನೊಂದು ಸಲ ಕಕ್ಕಿಸಿದರೆ ಆ ತಾಯಿ ಉಳಿಯೋಲ್ಲ, ಬರೆಯಮ್ಮ, ಈಗಲೇ ಬರೆ" ಅಂದರು. ನಮ್ಮವರು ಈ ಕಾಗದ ತರುವ ಲಾರಿಯಲ್ಲೇ ಅತ್ತೆಯವರನ್ನು ಕಳಿಸಿ. ಮೂಟೆ ತುಂಬುವುದಿಲ್ಲ, ಖಾಲಿ ಬರುತ್ತಾರೆ.

ಮಸೂದಾ

ಸಕಲೇಶಪುರ
೧೯-೧-೧೯೫೮

ವಿಶಾಲೂ,

ನಿನ್ನ ಅತ್ತೆ ಇದ್ದಾರೆ. ಮೊದಲು ಅದನ್ನು ಬರೆಯುತ್ತೇನೆ. ಬಾಯಿ ಎಂದಿನ ಹಾಗೆ ಇದೆ ಅಂತ ನಿನ್ನ ಯಜಮಾನರು ಹೇಳುತ್ತಾರೆ, ಅಂದರೆ ಹುಷಾರಾಗುತ್ತಿದ್ದಾರೆ.

ಅಂಗಳದಲ್ಲಿ ನಡೆದದ್ದನ್ನು ನಮ್ಮವರು ಹೇಳಿದರು. "ಅವ್ಳು ಹತ್ತಿದ್ರೆ ನಾ ಹತ್ತಾಕಿಲ್ಲ" ಅಂದರಂತೆ. ನೀನು ಒಳಗಿಂದ ಕಂಬಳಿ ತಂದು ಸೀಟಿನ ಮೇಲೆ ಹಾಸಿ ಕೊಟ್ಟಿಗೆಯ ಕಡೆಗೆ ಹೋದೆಯಂತೆ. ನಮ್ಮವರು ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ನಿಧಾನವಾಗಿ ಬಂದರು. "ಇಷ್ಟು ಜೋಪಾನವಾಗಿ ಮೊಟ್ಟೆ ಲೋಡೂ ತಂದಿಲ್ಲ" ಅಂದರು.

ಡಾಕ್ಟರು ಮತ್ತೆ ಮೊದಲಿನಿಂದ ಕೇಳಿದರು. ಹೊರಕಡೆಯ ಬಣ್ಣವನ್ನೂ ಕೇಳಿಬಿಟ್ಟರು, ನಿನ್ನ ಅತ್ತೆ ಸೆರಗು ಬಾಯಿಗಿಟ್ಟುಕೊಂಡು, "ಕರ್‍ರಗೇ ಐತೆ ಕಣಪ್ಪ, ಹಬ್ಬದಿಂದ" ಅಂದರು. ನೋಡು, ನೀನು ಕೇಳಿದ್ದರೆ ಹೇಳುತ್ತಿದ್ದರೇ? ಆಮೇಲೆ "ಔಷಧಿ ಏನಾದ್ರೂ ತಗೋತೀರಾ?" ಅಂದರು. ತಾಯಿ ಮಗ ಇಬ್ಬರೂ ಒಂದೇ ಬಾಯಿಯಲ್ಲಿ "ಇಲ್ಲ." ಅಷ್ಟರಲ್ಲಿ ನಿನ್ನ ಅತ್ತೆ ಬೇಜಾರಿಗೆ ಎಲೆಯಡಿಕೆ ಚೀಲ ಬಿಚ್ಚಿದರು. ಅಡಿಕೆಯ ಜೊತೆ ಚಿಕ್ಕ ಚಿಕ್ಕ ಕಾಗದದ ಪೊಟ್ಟಣಗಳು ಉದುರಿದವು.

"ಇದೇನು?"

"ಅದಾ? ಪುಡಿ ಕಣಪ್ಪ. ತಲೆನೋವಿನ್ ಪುಡಿ. ಎಸ್ಟೇಟ್ ಕೂಲಿ ಲೈನ್ ಅಂಗಡೀಲಿ ಬೀಡಿ ಮಗ್ಗುಲಲ್ಲೇ ಇಟ್ಟಿರ್ತಾರಲ್ಲ."

"ನಿಮಗೆ ತಲೆನೋವಾ?"

"ತಲೆ ಅಲ್ಲ, ಮಂಡಿ. ಬೆಳಿಗ್ಗೆ ಒಂದು, ಸಂಜೆ ಒಂದು, ಕಾಫೀಗ್ ಹಾಕ್ಕಂಡ್ ಕುಡದ್ರೆ ಕಾಲು ಆಡ್ತವೆ."

"ಮತ್ತೆ ಔಷಧಿ ತಗೊಳ್ಳೋಲ್ಲ ಅಂದ್ರಲ್ಲ ತಾಯಿ!"

"ಔಸ್ದಿ ಎಲ್ಲಿ ತಕಂಡೆ? ಪುಡಿ ಅಲ್ವಾ ಅದು?"

ಡಾಕ್ಟರು ಹಣೆ ಹಿಡಿದುಕೊಂಡು ಕೂತರು. ಅದರಲ್ಲಿರುವ ಆಸ್ಪಿರಿನ್ ಬರಿ ಹೊಟ್ಟೆಯನ್ನು ಕೆರೆದು ಕೆರೆದು ಗಾಯ ಮಾಡುತ್ತದಂತೆ. ಅದರ ಮೇಲೆ ಕರಿ ಕಾಫಿ, ಹೊಗೆಸೊಪ್ಪು, ಉಪವಾಸ. ಯಾವಾಗಿನಿಂದ ಎಂದು ಕೇಳಿದಾಗ, ಮಳೆ ಹಿಡಿದು ಮಂಡಿ ಊದಿದಾಗಿನಿಂದ ಎಂದರು. ತಂದುಕೊಡುತ್ತಿದ್ದವರು ಯಾರು ಗೊತ್ತೇ? ನಿನ್ನ ಯಜಮಾನರೇ. ಅಮ್ಮನಿಗೆ ಕಾಲುನೋವು ಎಂದು ವಾರ ವಾರವೂ ಮರೆಯದೆ ತಂದಿದ್ದಾರೆ. ಅವರ ಮುಖ ನನ್ನಿಂದ ನೋಡಲಾಗಲಿಲ್ಲ. ಹೊರಗೆ ಹೋಗಿ ನಮ್ಮವರ ಲಾರಿಯ ಚಕ್ರಕ್ಕೆ ಒರಗಿ ನಿಂತಿದ್ದರು. ನಿನ್ನ ಅತ್ತೆ ಬಹಳ ಹೊತ್ತು ಆ ಪೊಟ್ಟಣಗಳನ್ನೇ ನೋಡಿದರು. "ಅವ್ನು ಬೇಕು ಅಂತ ತಂದ್ನಾ?" ಎಂದು ನನ್ನನ್ನು ಕೇಳಿದರು. "ಇಲ್ಲ ಅಜ್ಜಿ, ಪ್ರೀತಿಯಿಂದ ತಂದರು" ಅಂದೆ. ನಿನ್ನ ವಿಷಯ ಎತ್ತುತ್ತಾರೇನೋ ಎಂದು ಕಾದೆ. ಎತ್ತಲಿಲ್ಲ.

ಸುಳ್ಳು ಸಮಾಧಾನ ನಾನು ಬರೆಯುವುದಿಲ್ಲ ವಿಶಾಲೂ. ಪುಡಿ ತಪ್ಪು ಮಾಡಿತು ಎಂದು ಒಪ್ಪಿಕೊಂಡಿದ್ದಾರೆ. ನೀನು ಮಾಡಿಲ್ಲ ಎಂದು ಇನ್ನೂ ಬಾಯಿಬಿಟ್ಟು ಅಂದಿಲ್ಲ.

ಡಾಕ್ಟರು ಹತ್ತಿರದಲ್ಲೇ ಇರಬೇಕು ಅಂದದ್ದರಿಂದ ನಮ್ಮ ಹೊರಗಿನ ಕೋಣೆಯಲ್ಲೇ ಇದ್ದಾರೆ. ಮೊದಲ ದಿನ ಹಾಲು ಕಾಯಿಸಿ ಬಾಗಿಲಲ್ಲಿ ನಿಂತೆ. ಯಾವ ಪಾತ್ರೆ, ಯಾವ ಒಲೆ ಎಂದು ಕೇಳುತ್ತಾರೆಂದು ಉತ್ತರ ಕಟ್ಟಿಕೊಂಡೇ ಹೋಗಿದ್ದೆ. ಅವರು ಲೋಟವನ್ನು ನೋಡಿದರು, ನನ್ನನ್ನು ನೋಡಿದರು. "ಹಸದೀನಿ ಕಣೇ, ತತ್ತಾ ಇತ್ಲಾಗೆ" ಅಂದರು. ಗಟಗಟ ಕುಡಿದರು. ಅಮ್ಮಿ ಅಡುಗೆಮನೆಯಿಂದ ನೋಡುತ್ತಿದ್ದರು. ಇನ್ನೊಂದು ಲೋಟ ಕಾಯಲು ಇಟ್ಟರು.

ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ನನ್ನ ಕೈಯದು ಇಳಿಯುತ್ತದೆ, ನಿನ್ನ ಕೈಯದು ಇಳಿಯುವುದಿಲ್ಲವಲ್ಲ.

ಮಸೂದಾ

ಹೆಗ್ಗದ್ದೆ
೧೪-೩-೧೯೫೮

ಪ್ರೀತಿಯ ಮಸೂದಾ,

ಇಷ್ಟು ದಿನ ಬರೆಯಲಿಲ್ಲ. ಏನಾದರೂ ಆಗಲಿ, ಆಮೇಲೆ ಬರೆಯೋಣ ಎಂದು ಕಾಯುತ್ತಿದ್ದೆ. ಏನೂ ಆಗುತ್ತಿರಲಿಲ್ಲ.

ಅತ್ತೆ ಬಂದ ದಿನ ನಾನು ಟ್ರಂಕು ಕಟ್ಟಿಯೇ ಇಟ್ಟಿದ್ದೆ. ಬಿಚ್ಚು ಎಂದು ಯಾರೂ ಅನ್ನಲಿಲ್ಲ, ಹೊರಡು ಎಂದೂ ಅನ್ನಲಿಲ್ಲ. ಬೇಕಾದ ಸೀರೆಯನ್ನು ಮಾತ್ರ ತೆಗೆದುಕೊಂಡು ಮತ್ತೆ ಮುಚ್ಚಿಡುತ್ತಿದ್ದೆ. ಯಜಮಾನರು ಎರಡು ಸಲ ನನ್ನ ಹತ್ತಿರ ಏನೋ ಹೇಳಲು ಬಂದು, ಸೌದೆ ಸಾಕಾ ಎಂದು ಕೇಳಿ ಹೋದರು. ಲೈನ್ ಅಂಗಡಿಯವನ ಹತ್ತಿರ ಮಾತ್ರ, "ಅಮ್ಮಂಗೆ ಆ ಪುಡಿ ಕೊಟ್ರೆ ನಿನ್ನ ಅಂಗಡಿ ಮುಚ್ಚಿಸ್ತೀನಿ" ಎಂದು ಕೂಗಾಡಿದರಂತೆ. ಅಂಗಡಿಯವನು ನಕ್ಕು, "ತಕಂಡ್ ಹೋಯ್ತಿದ್ದೋನು ನೀನೇ ಅಲ್ವೇನೋ ಮಾರಾಯ" ಅಂದನಂತೆ.

ಡಾಕ್ಟರ ಬಿಳಿ ಔಷಧಿಯನ್ನು ಅತ್ತೆ ತಾವೇ ಕುಲುಕಿ ಕುಡಿಯುತ್ತಾರೆ. ಕಪ್ಪಗೆ ಹೋಗುವುದು ನಿಂತಿದೆ, ಇದನ್ನು ಅವರೇ ನನಗೆ ಕೇಳುವ ಹಾಗೆ ಗೋಡೆಗೆ ಹೇಳಿದರು, ಡಾಕ್ಟರಿಗೆ ತಿಳಿಸು. ಹುಳಿತೇಗು ಅಪರೂಪ. ಹೊಗೆಸೊಪ್ಪು ಪೂರ್ತಿ ಬಿಟ್ಟಿಲ್ಲ, ಕದ್ದು ಹಾಕುತ್ತಾರೆ. ಮಂಡಿಗೆ ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತಾರೆ, ನಾನು ಬಟ್ಟೆ ಬಿಸಿ ಮಾಡಿ ಹತ್ತಿರ ಇಟ್ಟು ಬರುತ್ತೇನೆ. ಆದರೆ ಒಲೆ ಮಾತ್ರ ಬೇರೆಯೇ ಇತ್ತು. ಹಾಲನ್ನು ತಾವೇ ಕರೆದು ತಾವೇ ಕಾಯಿಸುತ್ತಿದ್ದರು. ನಾನು ದಿನಾ ಬೆಳಿಗ್ಗೆ ಗಂಜಿ ಮಾಡಿ, ಬಟ್ಟಲಿನಲ್ಲಿ ಬಗ್ಗಿಸಿ, ಮುಚ್ಚಿ ಅವರ ಜಗಲಿಯ ಮೇಲೆ ಇಟ್ಟು ಕೊಟ್ಟಿಗೆಗೆ ಹೋಗುತ್ತಿದ್ದೆ. ಬಂದು ನೋಡಿದರೆ ಹಾಗೇ ಕೆನೆಗಟ್ಟಿರುತ್ತಿತ್ತು. ಅದನ್ನು ನಾನೇ ಕುಡಿಯುತ್ತಿದ್ದೆ. ಯಜಮಾನರು ಒಂದು ದಿನ ನೋಡಿ, ಯಾಕೆ ಇಡುತ್ತೀಯ ಎಂದರು. ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಇಡದಿದ್ದರೆ ಒಪ್ಪಿಕೊಂಡ ಹಾಗೆ ಆಗುತ್ತದೆ ಅನ್ನಿಸುತ್ತಿತ್ತು.

ನಿನ್ನನ್ನು ಇಲ್ಲಿಗೆ ಬಾ ಎಂದು ಕರೆಯಬೇಕು. ತೋಟದಲ್ಲಿ ಹೂವು ಬಿಟ್ಟಿದೆ, ಬೆಳಿಗ್ಗೆ ಬಾಗಿಲು ತೆಗೆದರೆ ವಾಸನೆಗೆ ತಲೆ ಹಗುರಾಗುತ್ತದೆ. ಆದರೆ ನಿನ್ನನ್ನೂ ಅಮ್ಮಿಯನ್ನೂ ಒಳಗೆ ಕೂರಿಸಿ ಬಡಿಸುವ ಧೈರ್ಯ ಬಂದ ಮೇಲೆಯೇ ಕರೆಯುತ್ತೇನೆ. ಇನ್ನೊಮ್ಮೆ ತಲೆ ತಗ್ಗಿಸಲು ನನ್ನಿಂದಾಗುವುದಿಲ್ಲ. ಅತ್ತೆ ನಿಮ್ಮ ಮನೆಯ ಹಾಲು ಕುಡಿದದ್ದನ್ನು ಊರಿನಲ್ಲಿ ಯಾರಿಗೂ ಹೇಳಿಲ್ಲ. ನನಗೆ ಮಾತ್ರ ಒಂದು ದಿನ, "ಆ ಸಾಬರ ಹುಡುಗಿ ಹಾಲ್ಗೆ ನೀರು ಬೆರ್‍ಸಾಕಿಲ್ಲ" ಅಂದರು.

ಇವತ್ತು ಬೆಳಿಗ್ಗೆ ಎಂದಿನ ಹಾಗೆ ಗಂಜಿ ಇಟ್ಟು ಕೊಟ್ಟಿಗೆಗೆ ಹೋದೆ. ಸಗಣಿ ಬಾಚುತ್ತಿದ್ದೆ. ಹಿಂದಿನಿಂದ ಕೂಗು ಬಂತು.

"ಏನೇ ಇದು, ಉಪ್ಪೇ ಇಲ್ಲ! ಸಪ್ಪೆ ಸಪ್ಪೆ ನೀರು ಕಾಯ್ಸಿಟ್ಟಿದ್ದೀಯ. ನಿಮ್ಮವ್ವ ಇಷ್ಟೂ ಕಲ್ಸಿಲ್ವಾ?"

ತಿರುಗಿ ನೋಡಿದೆ. ಬಟ್ಟಲು ಕೈಯಲ್ಲಿತ್ತು, ಕಾಲುಭಾಗ ಇಳಿದಿತ್ತು. ಅವರ ಒಲೆಯ ಪಕ್ಕದಲ್ಲೇ ಅವರದೇ ಉಪ್ಪಿನ ಮಡಕೆ ಇದೆ, ಕೈ ಚಾಚಿದರೆ ಸಿಗುತ್ತದೆ. ಅವರು ಕೈ ಚಾಚಲಿಲ್ಲ, ಬಟ್ಟಲನ್ನು ನನ್ನ ಕಡೆ ಚಾಚಿದರು. ನಾನು ಕೈ ತೊಳೆದುಕೊಂಡು ಒಳಗೆ ಹೋಗಿ ಒಂದು ಚಿಟಿಕೆ ಉಪ್ಪು ತಂದೆ. ಮುಷ್ಟಿ ಮುಚ್ಚಿಕೊಂಡು ಬಂದವಳು, ಅವರ ಎದುರು ಬಿಚ್ಚಿ ತೋರಿಸಬೇಕು ಎಂದುಕೊಂಡೆ. ಅವರು ನನ್ನ ಕೈಯನ್ನು ನೋಡಲಿಲ್ಲ, ತೋಟದ ಕಡೆಗೆ ನೋಡುತ್ತಿದ್ದರು. ಗಂಜಿಗೆ ಹಾಕಿ, ಬೆರಳಿನಿಂದಲೇ ಕಲಸಿ ಕೊಟ್ಟೆ.

ನಿನ್ನ,
ವಿಶಾಲೂ